ಪ್ರಾಚೀನರ ಊಟ, ದಿನದ ಅಡುಗೆ

ಪ್ರಾಚೀನ ಮಾನವರ ಆಹಾರವನ್ನು ಮಾದರಿಯಾಗಿಟ್ಟುಕೊಂಡು ದಿನದ ಅಡುಗೆಯನ್ನು ರೂಪಿಸಿಕೊಳ್ಳಬೇಕೆಂಬ ವಿಚಾರ ಕಳೆದ ಐವತ್ತು ವರ್ಷಗಳಲ್ಲಿ ಪಶ್ಚಿಮದ ದೇಶಗಳಲ್ಲಿ ಬೆಳೆದು, ಈಗ ಕರ್ನಾಟಕದ ನಗರಗಳ ಅಡುಗೆಮನೆಗಳಿಗೂ ಬಂದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಮೊದಲಾದ ತೊಂದರೆಗಳು ಹೆಚ್ಚಿದಂತೆಲ್ಲ, ಮನುಷ್ಯನ ದೇಹ ಲಕ್ಷಾಂತರ ವರ್ಷ ಒಂದು ಬಗೆಯ ಆಹಾರಕ್ಕೆ ಒಗ್ಗಿಕೊಂಡು ರೂಪುಗೊಂಡದ್ದು, ಈಗ ಅದಕ್ಕೆ ಸಿಗುತ್ತಿರುವುದು ಬೇರೆಯೇ ಬಗೆಯ ಆಹಾರ, ಈ ಹೊಂದಾಣಿಕೆ ತಪ್ಪಿದ್ದೇ ರೋಗಗಳಿಗೆ ಮೂಲ ಎಂಬ ವಾದಕ್ಕೆ ಬಲ ಬಂದಿತು. 1975ರಲ್ಲಿ ಅಮೆರಿಕದ ಜಠರರೋಗ ತಜ್ಞ ವಾಲ್ಟರ್ ವೋಗ್ಟ್ಲಿನ್ ಶಿಲಾಯುಗದ ಆಹಾರವನ್ನು ಕುರಿತು ಪುಸ್ತಕ ಬರೆದರು. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಇದೇ ವಿಷಯದ ಮೇಲೆ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ವಿದ್ವಾಂಸರ ಗಮನ ಸೆಳೆಯಿತು. 2002ರಲ್ಲಿ ಲೋರೆನ್ ಕಾರ್ಡೇನ್ ಬರೆದ ಪುಸ್ತಕ ಬಂದ ಮೇಲೆ ‘ಪೇಲಿಯೋ’ ಎಂಬ ಹೆಸರು ಸಾಮಾನ್ಯ ಜನರ ಬಾಯಲ್ಲೂ ನಿಂತಿತು. ಹಳೆಯ ಶಿಲಾಯುಗ ಎಂದರೆ ಕಲ್ಲಿನ ಉಪಕರಣಗಳು ಮೊದಲು ಕಾಣಿಸಿಕೊಂಡ ಸುಮಾರು 33 ಲಕ್ಷ ವರ್ಷಗಳ ಹಿಂದಿನಿಂದ ಹಿಡಿದು ಸುಮಾರು 12,000 ವರ್ಷಗಳ ಹಿಂದೆ ಹಿಮಯುಗ ಮುಗಿಯುವವರೆಗಿನ ಕಾಲ. ‘ಪೇಲಿಯೋ’ ಎಂಬುದು ಆ ಯುಗದ ಇಂಗ್ಲಿಷ್ ಹೆಸರಿನ ಮೊಟಕು ರೂಪ.

ಈ ಪಥ್ಯದ ನಿಯಮ ಸರಳವಾಗಿದೆ. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿಯಂಥ ಬೀಜಗಳು ಸಲ್ಲುತ್ತವೆ. ಧಾನ್ಯ, ಬೇಳೆಕಾಳು, ಹಾಲು, ಸಕ್ಕರೆ ಸಲ್ಲುವುದಿಲ್ಲ, ಏಕೆಂದರೆ ಇವೆಲ್ಲ ಬೇಸಾಯ ಮತ್ತು ಪಶುಪಾಲನೆ ಬಂದ ಮೇಲೆ ಮನುಷ್ಯನ ಬಾಯಿಗೆ ಬಂದವು ಎಂಬುದು ಅದರ ತರ್ಕ. ಈ ನಿಯಮವನ್ನು ಕನ್ನಡ ನಾಡಿನ ಊಟಕ್ಕೆ ಹಾಗೆಯೇ ಅನ್ವಯಿಸಿದರೆ ತಟ್ಟೆಯಿಂದ ಮುದ್ದೆ ಹೋಗುತ್ತದೆ, ರೊಟ್ಟಿ ಹೋಗುತ್ತದೆ, ಅನ್ನ ಹೋಗುತ್ತದೆ, ಸಾರಿನ ಬೇಳೆ ಹೋಗುತ್ತದೆ, ಮಜ್ಜಿಗೆಯೂ ಹೋಗುತ್ತದೆ. ಉಳಿಯುವುದು ಪಲ್ಯ ಮತ್ತು ಮಾಂಸ. ಸಕ್ಕರೆ, ಮೈದಾ, ಕರಿದ ತಿಂಡಿ, ಪೊಟ್ಟಣದ ಕುರುಕಲು ಇವುಗಳನ್ನು ಬಿಟ್ಟವರ ದೇಹಕ್ಕೆ ಅನುಕೂಲವಾಗುವುದು ನಿಜವೇ ಆದರೂ, ಆ ಅನುಕೂಲಕ್ಕಾಗಿ ಹುರುಳಿಯನ್ನೂ ನವಣೆಯನ್ನೂ ಬಿಡಬೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದದ್ದು ನೆಲವನ್ನು ಅಗೆದು ತೆಗೆದ ಸಾಕ್ಷ್ಯದಲ್ಲಿ.

ಆ ಸಾಕ್ಷ್ಯ ಕಳೆದ ಎರಡು ದಶಕಗಳಲ್ಲಿ ಬಹಳ ಬೆಳೆದಿದೆ. ಮೊದಲೆಲ್ಲ ಪ್ರಾಚೀನರ ಊಟ ಎಂದರೆ ಮಾಂಸ ಎಂಬ ಭಾವನೆ ಮೂಡಲು ಒಂದು ಸರಳ ಕಾರಣವಿತ್ತು: ಎಲುಬು ಮಣ್ಣಿನಲ್ಲಿ ಉಳಿಯುತ್ತದೆ, ಸೊಪ್ಪು ಗೆಡ್ಡೆಗಳು ಕೊಳೆತುಹೋಗುತ್ತವೆ. ಈಗ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತ ಪಾಚಿಯೊಳಗೆ ಸಿಕ್ಕಿಕೊಂಡ ಪಿಷ್ಟದ ಕಣಗಳನ್ನು, ಅಂದರೆ ಧಾನ್ಯ ಮತ್ತು ಗೆಡ್ಡೆಗಳ ಹಿಟ್ಟಿನಂಶದ ಕಣಗಳನ್ನು, ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ವಿಧಾನ ಬಂದಿದೆ. ಒಲೆಯಲ್ಲಿ ಸೀದು ಕರಿಯಾದ ತುಣುಕುಗಳ ಒಳರಚನೆಯನ್ನು ಓದುವ ವಿಧಾನವೂ ಬಂದಿದೆ. ದಕ್ಷಿಣ ಆಫ್ರಿಕದ ಬಾರ್ಡರ್ ಗುಹೆಯಲ್ಲಿ ಸುಮಾರು 1,70,000 ವರ್ಷಗಳ ಹಿಂದೆ ಬೂದಿಯಲ್ಲಿ ಸುಟ್ಟು ತಿನ್ನಲೆಂದು ತಂದ ಗೆಡ್ಡೆಗಳ ಸೀದ ಅವಶೇಷ ದೊರಕಿತು. ಇರಾಕಿನ ಶಾನಿದಾರ್ ಗುಹೆಯಲ್ಲಿ ವಾಸಿಸಿದ್ದ ನಿಯಾಂಡರ್ಥಲ್ ಜನರ, ಅಂದರೆ ಇಂದಿನ ಮನುಷ್ಯನಿಗೆ ದಾಯಾದಿಯಾಗಿದ್ದು ಅಳಿದುಹೋದ ಮಾನವ ಕುಲದವರ, ಹಲ್ಲುಗಳಲ್ಲಿ ಬೇಯಿಸಿದ ಧಾನ್ಯದ ಪಿಷ್ಟ ಕಂಡಿತು. ಅದೇ ಗುಹೆಯ ಸುಮಾರು 70,000 ವರ್ಷ ಹಳೆಯ ಪದರಗಳಲ್ಲಿ ನೆನೆಸಿ ಕುಟ್ಟಿದ ಕಾಡುಕಾಳುಗಳ ಸೀದ ತುಣುಕುಗಳು ಸಿಕ್ಕಿದವೆಂದು 2022ರಲ್ಲಿ ಪ್ರಕಟವಾಯಿತು. ಗಲಿಲೀ ಸರೋವರದ ದಂಡೆಯಲ್ಲಿ, 1989ರಲ್ಲಿ ನೀರು ಇಳಿದಾಗ ಹೊರಬಿದ್ದ ಓಹಾಲೊ ಎಂಬ ನೆಲೆಯಲ್ಲಿ, ಸುಮಾರು 23,000 ವರ್ಷಗಳ ಹಿಂದಿನ ಜನ ಕಾಡು ಜವೆಯನ್ನು ಕಲ್ಲಿನ ಮೇಲೆ ಅರೆದಿದ್ದರು. ಜೋರ್ಡಾನಿನ ಶುಬೈಕಾದಲ್ಲಿ ಸಿಕ್ಕ ರೊಟ್ಟಿಯ ಚೂರುಗಳ ವಯಸ್ಸು ಸುಮಾರು 14,400 ವರ್ಷ. ಅಂದರೆ ಬೇಸಾಯ ಹುಟ್ಟುವುದಕ್ಕೂ ಕೆಲವು ಸಾವಿರ ವರ್ಷ ಮೊದಲೇ ರೊಟ್ಟಿ ಹುಟ್ಟಿತ್ತು, ಮತ್ತು ಅದರಲ್ಲಿ ಕಾಡು ಗೋಧಿಯ ಜೊತೆಗೆ ನೀರಿನಂಚಿನಲ್ಲಿ ಬೆಳೆಯುವ ಒಂದು ಹುಲ್ಲಿನ ಗೆಡ್ಡೆಯ ಹಿಟ್ಟೂ ಸೇರಿತ್ತು.

ಆದ್ದರಿಂದ ಧಾನ್ಯ ಮತ್ತು ಕಾಳು ಪ್ರಾಚೀನರಿಗೆ ಅಪರಿಚಿತ ಎಂಬ ನಿಯಮಕ್ಕೆ ಆಧಾರ ಇಲ್ಲದಂತಾಯಿತು. ಪ್ರಾಚೀನರ ಊಟ ಎಂಬ ಒಂದೇ ಊಟವೂ ಇರಲಿಲ್ಲ. ಹಿಮದ ನೆಲದವರು ಮಾಂಸ ಮತ್ತು ಕೊಬ್ಬನ್ನು ನೆಚ್ಚಿದರು, ಕಡಲಂಚಿನವರು ಚಿಪ್ಪುಜೀವಿಗಳನ್ನು ಮತ್ತು ಮೀನನ್ನು, ಒಣ ಹುಲ್ಲುಗಾವಲಿನವರು ಗೆಡ್ಡೆ ಬೀಜಗಳನ್ನು ನೆಚ್ಚಿದರು. ತಾಂಜಾನಿಯಾದಲ್ಲಿ ಇಂದಿಗೂ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕುವ ಹಾಡ್ಜಾ ಜನರ ಊಟದಲ್ಲಿ ಜೇನು, ಗೆಡ್ಡೆ, ಕಾಡುಹಣ್ಣು, ಬಾವೋಬಾಬ್ ಮರದ ಕಾಯಿ, ಬೇಟೆಯ ಮಾಂಸ ಎಲ್ಲವೂ ಇದ್ದು, ಯಾವುದು ಎಷ್ಟು ಎಂಬುದು ತಿಂಗಳು ತಿಂಗಳಿಗೂ ಬದಲಾಗುತ್ತದೆ. ಅವರು ಇಂದಿನ ಜನರೇ ಹೊರತು ಹಳೆಯ ಯುಗದ ಪಳೆಯುಳಿಕೆಗಳಲ್ಲ ಎಂಬುದನ್ನು ಮರೆಯಬಾರದು. ಆದರೂ ಒಂದು ನೆಲದ ಆಹಾರ ಋತುವಿನೊಂದಿಗೆ ಹೇಗೆ ಹೊರಳುತ್ತದೆ ಎಂಬುದಕ್ಕೆ ಅವರ ಬದುಕು ನಿದರ್ಶನವಾಗಿ ನಿಲ್ಲುತ್ತದೆ. ದೇಹವೂ ಹಳೆಯ ಶಿಲಾಯುಗದಲ್ಲೇ ನಿಂತುಬಿಟ್ಟಿಲ್ಲ: ಪಿಷ್ಟವನ್ನು ಒಡೆಯುವ ಎಂಜಲಿನ ಕಿಣ್ವವನ್ನು, ಅಂದರೆ ಜೀರ್ಣಕ್ರಿಯೆಗೆ ನೆರವಾಗುವ ರಸದ ಅಂಶವನ್ನು, ತಯಾರಿಸುವ ವಂಶವಾಹಿಯ ಪ್ರತಿಗಳು ಪಿಷ್ಟವನ್ನು ಹೆಚ್ಚಾಗಿ ತಿನ್ನುತ್ತ ಬಂದ ಜನಾಂಗಗಳಲ್ಲಿ ಸರಾಸರಿಯಾಗಿ ಹೆಚ್ಚಿರುವುದು 2007ರ ಅಧ್ಯಯನವೊಂದರಿಂದ ತಿಳಿದುಬಂದಿದೆ.

ಹಾಗಾದರೆ ಇಷ್ಟು ಭಿನ್ನವಾದ ಊಟಗಳಲ್ಲಿ ಸಮಾನವಾದದ್ದು ಏನು ಎಂದು ಕೇಳಿದರೆ, ಉತ್ತರ ಪದಾರ್ಥಗಳಲ್ಲಿ ಸಿಗುವುದಿಲ್ಲ, ಕೈಕೆಲಸದಲ್ಲಿ ಸಿಗುತ್ತದೆ. ಹಾಗೇ ತಿನ್ನಲು ಬಾರದ ವಸ್ತುವನ್ನು ಸುಟ್ಟು, ಕುಟ್ಟಿ, ನೆನೆಸಿ, ಅರೆದು, ಹುಳಿಬರಿಸಿ ತಿನ್ನುವಂತೆ ಮಾಡುವ ವಿದ್ಯೆ ಎಲ್ಲ ಕಡೆಯೂ ಇತ್ತು. ದಕ್ಷಿಣ ಆಫ್ರಿಕದ ವಂಡರ್‌ವರ್ಕ್ ಗುಹೆಯಲ್ಲಿ ಸುಮಾರು ಹತ್ತು ಲಕ್ಷ ವರ್ಷಗಳ ಹಿಂದಿನ ಬೆಂಕಿಯ ಕುರುಹು ಸಿಕ್ಕಿದೆ, ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ರ್‍ಯಾಂಗಮ್, ಬೇಯಿಸಿದ ಆಹಾರದಿಂದ ಹೆಚ್ಚು ಶಕ್ತಿ ದಕ್ಕಿದ್ದರಿಂದಲೇ ಮನುಷ್ಯನ ಹಲ್ಲು ಮತ್ತು ಕರುಳು ಚಿಕ್ಕದಾಗಿ ಮಿದುಳು ದೊಡ್ಡದಾಗಲು ಸಾಧ್ಯವಾಯಿತು ಎಂದು ವಾದಿಸಿದ್ದಾರೆ. ಆ ವಾದದ ಕಾಲನಿರ್ಣಯದ ಬಗ್ಗೆ ಚರ್ಚೆ ನಡೆದೇ ಇದೆ. ಆದರೆ ಅಡುಗೆ ಎಂಬುದು ಮನುಷ್ಯನ ಜೀರ್ಣಕ್ರಿಯೆಯ ಮೊದಲ ಹಂತ, ಅದು ಹೊಟ್ಟೆಯ ಹೊರಗೆ, ಒಲೆಯ ಮೇಲೆ ಮತ್ತು ಒರಳಿನಲ್ಲಿ ನಡೆಯುತ್ತದೆ ಎಂಬ ಮಾತನ್ನು ಅಲ್ಲಗಳೆಯುವವರು ಕಡಿಮೆ. ಪ್ರಾಚೀನರಿಂದ ದಿನದ ಅಡುಗೆಗೆ ತೆಗೆದುಕೊಳ್ಳಬಹುದಾದದ್ದು ಮುಖ್ಯವಾಗಿ ಈ ವಿದ್ಯೆಯನ್ನೇ.

ಕನ್ನಡ ನಾಡಿನ ಮಟ್ಟಿಗೆ ಈ ಮಾತಿಗೆ ವಿಶೇಷವಾದ ಅರ್ಥವಿದೆ, ಏಕೆಂದರೆ ಇಲ್ಲಿನ ಪ್ರಾಚೀನರ ಊಟ ಏನಾಗಿತ್ತು ಎಂಬುದು ಸಾಕಷ್ಟು ಖಚಿತವಾಗಿ ತಿಳಿದಿದೆ, ಮತ್ತು ಅದರ ಮುಖ್ಯ ಪದಾರ್ಥಗಳು ಇಂದಿಗೂ ಸಂತೆಯಲ್ಲಿ ಸಿಗುತ್ತವೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲಿ ಮತ್ತು ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಬೂದಿದಿಬ್ಬಗಳೆಂದು ಕರೆಯಲಾಗುವ ನೂರಕ್ಕೂ ಹೆಚ್ಚು ದಿಣ್ಣೆಗಳಿವೆ. ಹಂಪಿಯ ಬಳಿಯ ನಿಂಬಾಪುರದ ಬೂದಿ ವಾಲಿಯ ಚಿತೆಯದೆಂದು ಜನ ನಂಬಿಕೊಂಡು ಬಂದಿದ್ದಾರೆ. ಬಳ್ಳಾರಿಯ ಕುಡಿತಿನಿಯದು ಇನ್ನೊಂದು ಪ್ರಸಿದ್ಧ ದಿಬ್ಬ. ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದು ಸುಟ್ಟ ಸಗಣಿಯದೆಂದು ತಿಳಿಯಿತು. ಈಗಿನ ತೆಲಂಗಾಣದ ಉತ್ನೂರಿನಲ್ಲಿ 1957ರಲ್ಲಿ ಉತ್ಖನನ ನಡೆಸಿದ ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತುಗಳೇ ಸಿಕ್ಕಿದವು. ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ ಈ ಸೀಮೆಯಲ್ಲಿ ಬಾಳಿದ ಜನರನ್ನು ದಕ್ಷಿಣ ಭಾರತದ ನವಶಿಲಾಯುಗದವರು ಎನ್ನುತ್ತಾರೆ. ನವಶಿಲಾಯುಗ ಎಂದರೆ ಕಲ್ಲನ್ನು ಉಜ್ಜಿ ನುಣುಪು ಮಾಡಿದ ಕೊಡಲಿ, ಸಾಕುಪ್ರಾಣಿ, ಬೇಸಾಯ, ಮಡಕೆ ಇವು ಬಂದ ಕಾಲ. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ದನಗಳನ್ನು ಕಡಿದು ಮಾಂಸ ಬಿಡಿಸುತ್ತಿದ್ದ ಅಂಗಳವೇ ಹೊರಬಂದಿತು. ಆದ್ದರಿಂದ ಇವರು ಮಾಂಸ ತಿನ್ನುತ್ತಿದ್ದ ಪಶುಪಾಲಕರೆಂಬುದರಲ್ಲಿ ಸಂದೇಹವಿಲ್ಲ.

ಇವರ ಕಾಳುಕಡ್ಡಿಗಳ ವಿಷಯ ತಿಳಿದದ್ದು ಇನ್ನೂ ಈಚೆಗೆ. ಬಳ್ಳಾರಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ತೇಲಿಸುವ ವಿಧಾನದಿಂದ ಪರೀಕ್ಷಿಸಿ, 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತೇಲಿಸುವ ವಿಧಾನ ಅಕ್ಕಿ ತೊಳೆಯುವಾಗ ಜಳ್ಳು ಮೇಲೆ ಬರುವುದನ್ನು ಕಂಡವರಿಗೆ ಸುಲಭವಾಗಿ ಅರ್ಥವಾಗುತ್ತದೆ: ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದಾಗ ಮಣ್ಣು ತಳಕ್ಕಿಳಿದು, ನಾಲ್ಕು ಸಾವಿರ ವರ್ಷದ ಹಿಂದೆ ಒಲೆಯ ಬದಿಯಲ್ಲಿ ಚೆಲ್ಲಿ ಸೀದುಹೋದ ಕಾಳುಗಳು ಇದ್ದಿಲಿನಂತೆ ಹಗುರವಾಗಿ ಮೇಲೆ ತೇಲುತ್ತವೆ, ಅವನ್ನು ನಯವಾದ ಜಾಲರಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಭೂತಗಾಜಿನ ಕೆಳಗೆ ಒಂದೊಂದಾಗಿ ವಿಂಗಡಿಸುತ್ತಾರೆ. ಹಾಗೆ ವಿಂಗಡಿಸಿದಾಗ ನೆಲೆಯಿಂದ ನೆಲೆಗೆ ಮತ್ತೆ ಮತ್ತೆ ಕಂಡ ಕಾಳುಗಳು ನಾಲ್ಕು: ಕೊರಲೆ ಎಂಬ ಸಿರಿಧಾನ್ಯ, ನವಣೆಯ ಕುಲಕ್ಕೆ ಸೇರಿ ತೆನೆಯ ಮುಳ್ಳಿನಿಂದ ಬಟ್ಟೆಗೆ ಅಂಟಿಕೊಳ್ಳುವ ಒಂದು ಹುಲ್ಲಿನ ಕಾಳು, ಹುರುಳಿ ಮತ್ತು ಹೆಸರು. ಸಾಸಿವೆಗಿಂತ ತುಸು ದೊಡ್ಡದಾದ, ಒಂದು ಬದಿ ಚಪ್ಪಟೆಯಾಗಿ ಇನ್ನೊಂದು ಬದಿ ಉಬ್ಬಿದ ಆ ಕರಿಯ ಕೊರಲೆಕಾಳನ್ನು ಇಂದಿನ ಪಾವಗಡದ ರೈತರ ಮುಂದಿಟ್ಟರೆ ಅವರಿಗೆ ಗುರುತು ಹತ್ತದೆ ಇರಲಾರದು.

ಈ ನಾಲ್ಕರ ಜೊತೆಗೆ ಗೆಡ್ಡೆಗಳ ಸೀದ ತುಣುಕುಗಳೂ ಸಿಕ್ಕಿವೆ; ಗೋಧಿ ಮತ್ತು ಜವೆ ಮುಂದೆ ವಾಯವ್ಯದಿಂದ ಬಂದು ಸೇರಿಕೊಂಡವು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕನ್ನಡಿಗರು ತಮ್ಮ ಅತ್ಯಂತ ಹಳೆಯ ಆಹಾರವೆಂದು ಭಾವಿಸುವ ರಾಗಿ, ಜೋಳ, ಸಜ್ಜೆ ಈ ಮೂರೂ ಆಫ್ರಿಕ ಮೂಲದವು. ರಾಗಿ ಪೂರ್ವ ಆಫ್ರಿಕದ ಎತ್ತರದ ಸೀಮೆಯದು, ಜೋಳ ಸುಡಾನಿನ ಕಡೆಯದು, ಸಜ್ಜೆ ಪಶ್ಚಿಮ ಆಫ್ರಿಕದ್ದು. ಅವು ಕಡಲು ದಾಟಿ ಬರುವ ಮೊದಲೇ ಬಳ್ಳಾರಿಯ ಬಂಡೆಗಳ ನಡುವಿನ ಜನ ಕೊರಲೆಯನ್ನು ಉಣ್ಣುತ್ತಿದ್ದರು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಶೇಂಗಾ, ಮೆಕ್ಕೆಜೋಳ ಇವಂತೂ ಪೋರ್ಚುಗೀಸರು ಬಂದ ನಂತರ ಅಮೆರಿಕ ಖಂಡದಿಂದ ಬಂದವು. ಉಪವಾಸದ ದಿನ ಬೇಯಿಸುವ ಸಿಹಿಗೆಣಸು ಕೂಡ ಅಲ್ಲಿಯದೇ. ಇದನ್ನು ಹೇಳುವುದು ರಾಗಿಯ ಗೌರವವನ್ನು ಕಡಿಮೆ ಮಾಡಲು ಅಲ್ಲ. ಹೊರಗಿನಿಂದ ಬಂದದ್ದನ್ನು ತನ್ನ ಒಲೆಗೆ ಒಗ್ಗಿಸಿಕೊಳ್ಳುವುದು ಕೂಡ ಪ್ರಾಚೀನವಾದ ಗುಣವೇ, ಮತ್ತು ಅಂಬಲಿ ಕಾಯಿಸುವ ವಿದ್ಯೆ ಮೊದಲೇ ಗೊತ್ತಿದ್ದ ನಾಡಿಗೆ ಹೊಸ ಧಾನ್ಯವೊಂದನ್ನು ಬರಮಾಡಿಕೊಳ್ಳುವುದು ಕಷ್ಟವಾಗಿರಲಾರದು.

ಸಂಗನಕಲ್ಲಿನ ಗುಡ್ಡಗಳ ಬಂಡೆಗಳ ಮೇಲೆ ಅರೆದು ಅರೆದು ಮೂಡಿದ ತಗ್ಗುಗಳು ಇಂದಿಗೂ ಕಾಣುತ್ತವೆ. ಅವುಗಳಲ್ಲಿ ಕೆಲವು ಕೊಡಲಿಯನ್ನು ಉಜ್ಜಿ ಹದಮಾಡಿದ ಉದ್ದನೆಯ ಗೀರುಗಳು. ಅಂಥ ನೆಲೆಗಳಲ್ಲಿ ಕಾಳನ್ನು ಹಿಂದೆ ಮುಂದೆ ಉಜ್ಜಿ ಅರೆಯುವ, ನಡು ಸವೆದು ತಡಿಯಂತೆ ಬಾಗಿದ ಕಲ್ಲುಗಳೂ ದೊರೆತಿವೆ. ಸುತ್ತುವ ಬೀಸುಕಲ್ಲು ಇನ್ನೂ ಬಂದಿರಲಿಲ್ಲ. ಗಡಿಗೆ ಮತ್ತು ಬೋಗುಣಿಗಳ ಆಕಾರ, ಕಾಳುಗಳ ಸ್ವಭಾವ, ಈ ಕಲ್ಲುಗಳು, ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ, ದಿನದ ಊಟ ಗಂಜಿ ಅಥವಾ ಅಂಬಲಿ, ಬೇಯಿಸಿದ ಕಾಳು, ಸೊಪ್ಪು, ಸುಟ್ಟ ಗೆಡ್ಡೆ, ಆಗಾಗ ಮಾಂಸ ಎಂದು ಊಹಿಸುವುದು ತಪ್ಪಾಗಲಾರದು. ಪೇಲಿಯೋ ಪಥ್ಯದವರು ತಟ್ಟೆಯಿಂದ ಹೊರಗಿಡುವ ಧಾನ್ಯ ಮತ್ತು ಕಾಳುಗಳೇ ಈ ನಾಡಿನ ಪ್ರಾಚೀನ ತಟ್ಟೆಯ ನಡುವಿನಲ್ಲಿ ಇದ್ದವು.

ಈ ಊಟವನ್ನು ಇಂದಿನ ಅಡುಗೆಮನೆಯಲ್ಲಿ ಮತ್ತೆ ಕಟ್ಟುವುದು ಕಷ್ಟದ ಕೆಲಸವಲ್ಲ. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಹಿಂದಿನ ದಿನವೇ ಮಾಡಬೇಕಾದ ಯೋಚನೆ. ಕೊರಲೆಯ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದನ್ನು ಮಿಲ್ಲಿನಲ್ಲಿ ಬಿಡಿಸಿದ ಅಕ್ಕಿಯಾಗಿಯೇ ಕೊಳ್ಳುವುದು ವಾಸಿ, ಆದರೆ ತೌಡಿನ ಪದರವನ್ನು ಪೂರ್ತಿ ಕಿತ್ತು ಬೆಳ್ಳಗೆ ಹೊಳಪು ಕೊಟ್ಟದ್ದನ್ನು ಕೊಂಡರೆ ನಾರೂ ಖನಿಜಾಂಶವೂ ಅಲ್ಲೇ ಉಳಿದುಹೋಗುತ್ತವೆ. ತುಸು ಹಸಿರು ಛಾಯೆಯ, ಮಂಕಾದ ಕಾಳು ಒಳ್ಳೆಯದು. ಅದನ್ನು ಆರರಿಂದ ಎಂಟು ಗಂಟೆ ನೆನೆಸಿ, ಒಂದು ಪಾಲಿಗೆ ಮೂರು ಪಾಲು ನೀರಿನ ಎಸರಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿದರೆ ಅನ್ನವಾಗುತ್ತದೆ. ನುಚ್ಚನ್ನು ಅಥವಾ ಹಿಟ್ಟನ್ನು ರಾತ್ರಿ ನೀರಿನಲ್ಲಿ ಕಲಸಿ ಮಡಕೆಯಲ್ಲಿ ಹುಳಿಬರಲು ಬಿಟ್ಟು, ಬೆಳಿಗ್ಗೆ ಕಾಯಿಸಿ ಮಜ್ಜಿಗೆ ಬೆರೆಸಿದರೆ ಅಂಬಲಿಯಾಗುತ್ತದೆ. ನೆನೆಸುವುದರಿಂದ ಮತ್ತು ಹುಳಿಬರಿಸುವುದರಿಂದ ಕಾಳಿನಲ್ಲಿರುವ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ. ಇದು ಬೀಜ ತನ್ನ ರಂಜಕವನ್ನು ಕೂಡಿಟ್ಟುಕೊಳ್ಳುವ ರೂಪ, ಮತ್ತು ಇದು ಕಬ್ಬಿಣ, ಸತುವುಗಳನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಧಾನ್ಯ ಮತ್ತು ಕಾಳುಗಳಲ್ಲಿ ಪೋಷಣೆಗೆ ಅಡ್ಡಿಮಾಡುವ ಅಂಶಗಳಿವೆ ಎಂಬ ಪೇಲಿಯೋ ಪಥ್ಯದವರ ಆಕ್ಷೇಪ ಹೀಗೆ ಪೂರ್ತಿ ಸುಳ್ಳಲ್ಲ. ಆ ಅಡ್ಡಿಯನ್ನು ಬಿಡಿಸುವ ದಾರಿಯನ್ನೂ ಪ್ರಾಚೀನರೇ ಕಂಡುಕೊಂಡಿದ್ದರು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಹುರುಳಿಯ ಹದವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ದಕ್ಷಿಣ ಭಾರತದ ನೆಲದಲ್ಲೇ ಬಹು ಹಿಂದಿನಿಂದ ಬೆಳೆದುಬಂದ ಕಾಳು, ಬರವನ್ನು ತಾಳುವ ಕಾಳು, ಮತ್ತು ದನಕ್ಕೆ ಕುದುರೆಗೆ ಹಾಕುವಂಥದ್ದೆಂದು ನಗರದ ಅಡುಗೆಮನೆಗಳು ಕಡೆಗಣಿಸಿದ ಕಾಳು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇರುತ್ತದೆ. ಕಾಳಿನದೇ ಬಣ್ಣದ, ಕಾಳಿನದೇ ಗಾತ್ರದ ಕಲ್ಲುಗಳು ಹುರುಳಿಯಲ್ಲಿ ಸೇರಿಕೊಂಡಿರುವುದರಿಂದ ಮೊದಲು ಮೊರದಲ್ಲಿ ಕೇರಿ, ಬೆಳಕಿನಲ್ಲಿ ಹರಡಿ ಆರಿಸಬೇಕು, ಆಮೇಲೆ ನೀರಿನಲ್ಲಿ ಹಾಕಿ ಜಾಲಿಸಬೇಕು. ರಾತ್ರಿಯಿಡೀ ನೆನೆದ ಕಾಳನ್ನು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಗಂಟುಕಟ್ಟಿ ಇಟ್ಟರೆ ಮರುದಿನದ ಹೊತ್ತಿಗೆ ಬಿಳಿಯ ಮೊಳಕೆ ಬಟ್ಟೆಯ ಎಳೆಗಳ ನಡುವಿನಿಂದ ಹೊರಗೆ ಇಣುಕುತ್ತದೆ, ಮತ್ತು ಗಂಟನ್ನು ಬಿಚ್ಚಿದಾಗ ಹಸಿ ಮಣ್ಣಿನಂಥ ವಾಸನೆ ಬರುತ್ತದೆ. ಮೊಳೆತ ಕಾಳನ್ನು ನೀರು ಜಾಸ್ತಿ ಇಟ್ಟು ಬೇಯಿಸಿ, ಕಾಳು ಬೆರಳಲ್ಲಿ ಹಿಸುಕಿದರೆ ನುರಿಯುವಂತಾದಾಗ ಬಸಿದರೆ, ಕೆಳಗೆ ಇಳಿಯುವ ಕಂದುಬಣ್ಣದ ಮಂದನೆಯ ನೀರೇ ಹುರುಳಿಕಟ್ಟು. ಬಸಿದು ಉಳಿದ ಕಾಳು ಪಲ್ಯಕ್ಕೆ, ಕಟ್ಟು ಸಾರಿಗೆ. ಹಳೆಯ ಮೈಸೂರು ಸೀಮೆಯ ಬಸ್ಸಾರು ಎಂಬುದು ಈ ಒಂದೇ ಮಡಕೆಯಿಂದ ಎರಡು ಪದಾರ್ಥ ತೆಗೆಯುವ ಜಾಣ್ಮೆ. ಕಟ್ಟನ್ನು ಸಣ್ಣ ಉರಿಯಲ್ಲಿ ಮೂರರಲ್ಲಿ ಒಂದು ಪಾಲು ಇಂಗುವವರೆಗೆ ಕುದಿಸಿ, ಖಾರಕ್ಕೆ ಮೆಣಸಿನಕಾಯಿಯ ಬದಲು ಕಾಳುಮೆಣಸು ಮತ್ತು ಶುಂಠಿಯನ್ನು ಜಜ್ಜಿ ಹಾಕಿ, ಹುಳಿಗೆ ಬೆಟ್ಟದ ನೆಲ್ಲಿಕಾಯಿಯನ್ನು ಅರೆದು ಸೇರಿಸಿದರೆ, ಅಮೆರಿಕದ ಪದಾರ್ಥಗಳು ಬರುವ ಮೊದಲಿನ ಸಾರಿನ ರುಚಿಗೆ ಹತ್ತಿರವಾದದ್ದು ನಾಲಿಗೆಗೆ ಸಿಗುತ್ತದೆ. ನೆಲ್ಲಿಯ ಸಿ ಜೀವಸತ್ವ ಕಾಳಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುವುದರಿಂದ ಈ ಜೋಡಿಗೆ ರುಚಿಯಾಚೆಗಿನ ಕಾರಣವೂ ಇದೆ. ಶುಂಠಿ ಮತ್ತು ಅರಿಶಿನದ ಹಳಮೆಯನ್ನು ಹರಿಯಾಣದ ಫರ್ಮಾಣಾ ಎಂಬ ಹರಪ್ಪಾ ನೆಲೆ ತೋರಿಸಿಕೊಟ್ಟಿದೆ. ಅಲ್ಲಿನ ಮಡಕೆಗಳಲ್ಲಿ ಮತ್ತು ಮನುಷ್ಯರ ಹಲ್ಲುಗಳಲ್ಲಿ ಇವೆರಡರ ಪಿಷ್ಟದ ಕಣಗಳು ಸಿಕ್ಕಿವೆ.

ಕೊರಲೆಯ ಅನ್ನಕ್ಕೆ ಹುರುಳಿಯ ಸಾರು ಅಥವಾ ಹೆಸರಿನ ಉಸಲಿ ಜೊತೆಯಾಗುವುದರಲ್ಲಿ ಪೋಷಣೆಯ ಲೆಕ್ಕವೂ ಸರಿಹೋಗುತ್ತದೆ. ಪ್ರೋಟೀನುಗಳ ಇಟ್ಟಿಗೆಗಳಂತಿರುವ ಅಮೈನೋ ಆಮ್ಲಗಳಲ್ಲಿ ಲೈಸಿನ್ ಎಂಬುದು ಧಾನ್ಯದಲ್ಲಿ ಕಡಿಮೆ, ಕಾಳಿನಲ್ಲಿ ಹೆಚ್ಚು. ಮೆಥಿಯೋನಿನ್ ಎಂಬುದು ಕಾಳಿನಲ್ಲಿ ಕಡಿಮೆ, ಧಾನ್ಯದಲ್ಲಿ ಹೆಚ್ಚು. ಸಂಗನಕಲ್ಲಿನವರು ಈ ಹೆಸರುಗಳನ್ನು ಅರಿಯದಿದ್ದರೂ ಒಂದೇ ಮಳೆಗಾಲದಲ್ಲಿ ಎರಡನ್ನೂ ಬಿತ್ತಿ ಎರಡನ್ನೂ ಉಂಡರು.

ಸೊಪ್ಪಿನ ವಿಷಯದಲ್ಲಿ ಕನ್ನಡ ನಾಡಿನ ಹಳ್ಳಿಗಳು ಇಂದಿಗೂ ಸಂಗ್ರಾಹಕರ ವಿದ್ಯೆಯನ್ನು ಉಳಿಸಿಕೊಂಡಿವೆ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗೋಣಿ, ಗಣಿಕೆ, ಹೊನಗೊನೆ ಸೊಪ್ಪುಗಳನ್ನು ಒಟ್ಟಿಗೆ ಕಿತ್ತು ತಂದು ಬೆರಕೆಸೊಪ್ಪಿನ ಸಾರು ಮಾಡುವ ಹೆಂಗಸರು ಯಾವುದರ ಚಿಗುರನ್ನು ಮಾತ್ರ ಚಿವುಟಬೇಕು, ಯಾವುದು ಕಹಿ, ಯಾವುದನ್ನು ಹೂಬಿಟ್ಟ ಮೇಲೆ ಮುಟ್ಟಬಾರದು ಎಂಬುದನ್ನೆಲ್ಲ ಬಲ್ಲವರು. ಆ ತಿಳಿವಳಿಕೆ ಬರಹಕ್ಕೆ ಬರುವ ಮೊದಲೇ ಅಳಿಯುವ ಅಪಾಯದಲ್ಲಿರುವುದು ನಿಜಕ್ಕೂ ಕಳವಳದ ಸಂಗತಿ. ಗುರುತು ತಿಳಿಯದ ಸೊಪ್ಪನ್ನು ಪುಸ್ತಕದ ಚಿತ್ರ ನೋಡಿ ಕೀಳುವುದು ಅಪಾಯಕರವಾದ್ದರಿಂದ, ಬಲ್ಲವರ ಜೊತೆಗೆ ಹೋಗಿ ಕಲಿಯುವುದೇ ದಾರಿ. ಔಷಧಿ ಸಿಂಪಡಿಸಿದ ಹೊಲದ ಬದು ಮತ್ತು ಹೆದ್ದಾರಿಯ ಅಂಚು ಎರಡನ್ನೂ ಬಿಡಬೇಕು. ಗೆಡ್ಡೆಗಳಲ್ಲಿ ಹೆಗ್ಗೆಣಸು, ಸುವರ್ಣಗೆಡ್ಡೆ, ಕೆಸು ಮುಖ್ಯ. ಸುವರ್ಣಗೆಡ್ಡೆ ಮತ್ತು ಕೆಸುವಿನಲ್ಲಿ ಸೂಜಿಯಾಕಾರದ ಆಕ್ಸಲೇಟ್ ಹರಳುಗಳಿದ್ದು ಅವೇ ಬಾಯಿ ಗಂಟಲುಗಳನ್ನು ತುರಿಸುವಂತೆ ಮಾಡುತ್ತವೆ. ಹುಳಿ ಹಾಕಿ ಚೆನ್ನಾಗಿ ಬೇಯಿಸಿ ಆ ತುರಿಕೆಯನ್ನು ಕಳೆಯುವುದು ಮಲೆನಾಡು ಕರಾವಳಿಗಳ ಎಲ್ಲ ಮನೆಗಳಿಗೂ ಗೊತ್ತು. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಜನ ಬೆಳೆಸಿಕೊಂಡು ಬಂದ ಗೆಡ್ಡೆಗಳಿಗೆಂದೇ ಮೇಳ ನಡೆಯುತ್ತದೆ.

ಮಾಂಸ ತಿನ್ನುವವರು ಪ್ರಾಚೀನರಿಂದ ಕಲಿಯಬೇಕಾದದ್ದು ಪ್ರಮಾಣಕ್ಕಿಂತ ಹೆಚ್ಚಾಗಿ ಪೂರ್ತಿ ಬಳಕೆಯನ್ನು. ಎಲುಬನ್ನು ಒಡೆದು ಮಜ್ಜೆ ತೆಗೆಯುವುದು ಮನುಷ್ಯನ ಅತ್ಯಂತ ಹಳೆಯ ಅಡುಗೆಗೆಲಸಗಳಲ್ಲಿ ಒಂದಾಗಿದ್ದು, ಕುರಿಯ ಕಾಲನ್ನು ಗಂಟೆಗಟ್ಟಲೆ ಕುದಿಸಿ ಮಾಡುವ ಕಾಲುಸೂಪು ಅದರ ನೇರ ಮುಂದುವರಿಕೆ. ಕೆರೆಯ ಮೀನು, ನಾಟಿಕೋಳಿ, ಕುರಿ, ಮೇಕೆ ಇವು ಸಾಕು. ಬೇಟೆಯ ಮಾತು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಮುಗಿದಿದೆ, ಮುಗಿದಿರುವುದು ಒಳ್ಳೆಯದೂ ಆಗಿದೆ. ಸಿಹಿಗೆ ಜೇನು ಮತ್ತು ಹಣ್ಣಿನ ಹೊರತು ಪ್ರಾಚೀನರಿಗೆ ಬೇರೆ ಗತಿಯಿರಲಿಲ್ಲ, ಜೇನು ದಿನವೂ ಸಿಗುವಂಥದ್ದೂ ಆಗಿರಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಮತ್ತು ಮೂತ್ರಪಿಂಡದ ತೊಂದರೆಯುಳ್ಳವರು ಊಟವನ್ನು ಒಮ್ಮೆಲೇ ಬದಲಿಸುವ ಮೊದಲು ವೈದ್ಯರನ್ನು ಕೇಳುವುದು ಅಗತ್ಯ.

ಪ್ರಾಚೀನರ ಊಟವನ್ನು ಹೊಗಳುವವರು ಅದರ ಹಿಂದಿನ ದುಡಿಮೆಯನ್ನು ಮರೆಯುವುದುಂಟು, ಮತ್ತು ಆ ದುಡಿಮೆಯ ಲೆಕ್ಕ ಎಲುಬಿನಲ್ಲೇ ಉಳಿದಿದೆ. ಸಿರಿಯಾದ ಅಬು ಹುರೇರಾ ಎಂಬ ಆರಂಭಿಕ ಬೇಸಾಯಗಾರರ ಊರಿನಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ಪರೀಕ್ಷಿಸಿದ ಥಿಯಾ ಮಾಲೆಸನ್, ಮುಖ್ಯವಾಗಿ ಹೆಂಗಸರ ಕಾಲಿನ ಹೆಬ್ಬೆರಳು, ಮಂಡಿ ಮತ್ತು ಸೊಂಟದ ಎಲುಬುಗಳು ವಿಕಾರಗೊಂಡಿದ್ದನ್ನು ಕಂಡರು. ದಿನವೂ ಗಂಟೆಗಟ್ಟಲೆ ಮಂಡಿಯೂರಿ, ಕಾಲ್ಬೆರಳುಗಳನ್ನು ಮಡಚಿ ನೆಲಕ್ಕೊತ್ತಿ, ಕಲ್ಲಿನ ಮೇಲೆ ಧಾನ್ಯ ಅರೆದದ್ದರ ಫಲ ಅದೆಂದು ಅವರು ನಿರ್ಣಯಿಸಿದರು. ಸಂಗನಕಲ್ಲಿನ ಅರೆಯುವ ಕಲ್ಲುಗಳ ಹಿಂದೆಯೂ ಅಂಥ ಮಂಡಿಗಳಿದ್ದಿರಬೇಕು. ಆದ್ದರಿಂದ ಹಳೆಯ ಊಟವನ್ನು ಮರಳಿ ತರುವ ಉತ್ಸಾಹದಲ್ಲಿ ಹಳೆಯ ಹೊರೆಯನ್ನು ಮನೆಯ ಹೆಂಗಸರ ಮೇಲೆ ಮರಳಿ ಹೊರಿಸುವುದು ಅನ್ಯಾಯವಾಗುತ್ತದೆ. ಹಿಟ್ಟಿನ ಗಿರಣಿ, ಸಿಪ್ಪೆ ಬಿಡಿಸುವ ಯಂತ್ರ, ಕುಕ್ಕರು ಇವು ಇರಲಿ. ಕೊರಲೆ ಸಾಮೆಗಳು ಹೊಲಗಳಿಂದ ಮರೆಯಾಗಲು ಅವುಗಳ ಸಿಪ್ಪೆ ಬಿಡಿಸುವ ಕಷ್ಟವೂ ಒಂದು ಕಾರಣವಾಗಿದ್ದು, ಸಣ್ಣ ಯಂತ್ರಗಳು ಬಂದ ಊರುಗಳಲ್ಲಿ ಅವು ಮರಳುವುದು ಸುಲಭ. ಕಾಳು ಆರಿಸುವುದು, ನೆನೆಹಾಕುವುದು, ಮೊಳಕೆಗೆ ಗಂಟುಕಟ್ಟುವುದು ಇಂಥ ಕೆಲಸಗಳಿಗೆ ಬಲ ಬೇಕಿಲ್ಲ, ನೆನಪು ಬೇಕು. ಅವು ಮನೆಯ ಗಂಡಸರಿಗೂ ಮಕ್ಕಳಿಗೂ ಹಂಚಬಹುದಾದ ಕೆಲಸಗಳು.

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದಾಗ ಪೇಟೆಯಲ್ಲಿ ಸಿರಿಧಾನ್ಯದ ಬಿಸ್ಕತ್ತು, ಸಿರಿಧಾನ್ಯದ ನೂಡಲ್ಸುಗಳು ತುಂಬಿಕೊಂಡವು. ಸಕ್ಕರೆ ಮತ್ತು ಎಣ್ಣೆಯಲ್ಲಿ ಅದ್ದಿದ ಮೇಲೆ ಧಾನ್ಯ ಯಾವುದಾದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲವಾದ್ದರಿಂದ, ಆ ಧಾನ್ಯಗಳಿಗೆ ನ್ಯಾಯ ಸಲ್ಲುವುದು ಅನ್ನ, ಅಂಬಲಿ, ರೊಟ್ಟಿ, ಸಾರುಗಳ ದಿನದ ಊಟದಲ್ಲಿಯೇ. ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಒಣ ತಾಲ್ಲೂಕುಗಳಲ್ಲಿ ಕೆಲವು ರೈತರು ಕೊರಲೆಯನ್ನು ಬಿಟ್ಟುಕೊಟ್ಟಿಲ್ಲ. ಬೇರೆ ಧಾನ್ಯಗಳು ಬಾಡಿಹೋಗುವ ನೆರಳಿನಲ್ಲೂ ಅದು ತೆನೆ ಬಿಡುವುದರಿಂದ ಹುಣಸೆ ಮರಗಳ ಅಡಿಯಲ್ಲಿ ಅದನ್ನು ಬಿತ್ತುತ್ತಾರೆ. ಮಳೆ ಸ್ವಲ್ಪವೇ ಬಿದ್ದರೂ ಎಪ್ಪತ್ತೈದು ಎಂಬತ್ತು ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಅದರ ಹುಲ್ಲನ್ನು ದನ ಇಷ್ಟಪಟ್ಟು ತಿನ್ನುತ್ತದೆ, ಕಾಳನ್ನು ಒಣಗಿಸಿ ಸಿಪ್ಪೆಸಹಿತ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ಮತ್ತು ಮುಂದಿನ ಮುಂಗಾರಿಗೆ ಬೇಕಾದ ಬೀಜವನ್ನು ಆ ರಾಶಿಯಿಂದಲೇ ತೆಗೆದಿಡುತ್ತಾರೆ.